ದಾನವೋ, ಋಣವೋ?

ಕಳೆದ ತಿಂಗಳು ಎಂ.ಎ. ತರಗತಿಯಲ್ಲಿ ದಾನಶಾಸನವೊಂದನ್ನು ಪಾಠ ಹೇಳುತ್ತಿದ್ದೆ. ಇಂಥ ಶಾಸನಗಳ ಕಟ್ಟು ವಿದ್ಯಾರ್ಥಿಗಳಿಗೆ ಬೇಗನೆ ಪರಿಚಯವಾಗಿಬಿಡುತ್ತದೆ. ಮೊದಲು ಅರಸನ ಪ್ರಶಸ್ತಿ. ಬಳಿಕ ಕೊಟ್ಟವನಾರು, ಪಡೆದವನಾರು, ಕೊಟ್ಟ ನೆಲದ ಎಲ್ಲೆ ಯಾವುದು, ಸಾಕ್ಷಿಗಳಾರು ಎಂಬ ವಿವರ. ಕೊನೆಗೆ ಆ ದಾನವನ್ನು ಅಳಿಪಿದವನಿಗೆ ಶಾಪ. ಧಾರಾಪೂರ್ವಕವಾಗಿ, ಸರ್ವಬಾಧಾಪರಿಹಾರವಾಗಿ, ಆಚಂದ್ರಾರ್ಕವಾಗಿ ಕೊಟ್ಟದ್ದು ಎಂಬ ಮಾತುಗಳನ್ನು ಬಿಡಿಸಿ ಹೇಳುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, “ಸಾರ್, ಈಗಿನ ಸರ್ಕಾರಗಳು ಕೊಡುವ ಅನುದಾನವೂ ಇದೇ ತಾನೆ?” ಎಂದು ಕೇಳಿದಳು. “ಇದೇ ಅಮ್ಮ, ಕಲ್ಲಿನ ಬದಲು ಕಾಗದ, ಅಷ್ಟೆ” ಎಂದೆ. ತರಗತಿ ನಕ್ಕಿತು, ನಾನೂ ನಕ್ಕು ಮುಂದಿನ ಸಾಲಿಗೆ ಹೋದೆ. ಮನೆಗೆ ಬಂದ ಮೇಲೆ ಆ ಉತ್ತರ ಸರಿಯಾದದ್ದಲ್ಲವೆಂದು ತೋರಿತು.

ಹಾಗೆ ತೋರುವುದಕ್ಕೆ ಕಾರಣವಿತ್ತು. ಆ ದಿನಗಳಲ್ಲಿ ನಾನು ಕಡಲ ನಡುವೆಯೂ ಕಡಲ ಅಂಚಿನಲ್ಲಿಯೂ ಬಾಳುತ್ತಿರುವ ಕೆಲವು ಸಣ್ಣ ಜನಸಮುದಾಯಗಳ ವಿಷಯವನ್ನು ಓದುತ್ತಿದ್ದೆ. ಭೂಮಿಯ ಶಾಖ ಏರುತ್ತಿದೆ; ಅದರೊಡನೆ ಸಮುದ್ರದ ಮಟ್ಟವೂ ಏರುತ್ತಿದೆ. ಈ ಜನ ತಮ್ಮ ನೆಲದಲ್ಲಿ ನಿಂತು ಬಾಳುವುದಕ್ಕೆ ಇಲ್ಲವೆ ಮಾನದಿಂದ ಬೇರೆಡೆಗೆ ಹೋಗುವುದಕ್ಕೆ ಬೇಕಾದ ಹಣವನ್ನು ದೊಡ್ಡ ರಾಷ್ಟ್ರಗಳೂ ಅಂತರರಾಷ್ಟ್ರೀಯ ನಿಧಿಗಳೂ ಕೊಡುತ್ತಿವೆ. ನಮ್ಮ ಪತ್ರಿಕೆಗಳ ಭಾಷೆಯಲ್ಲಿ ಅದರ ಹೆಸರು ‘ಅನುದಾನ’. ಆ ಪದದ ಹೊಟ್ಟೆಯಲ್ಲಿ ‘ದಾನ’ವಿದೆ. ದಾನವೆಂದ ಕೂಡಲೆ ಕೊಟ್ಟವನ ಔದಾರ್ಯವೂ ಪಡೆದವನ ಕೃತಜ್ಞತೆಯೂ ತಾವಾಗಿಯೇ ಬಂದು ನಿಲ್ಲುತ್ತವೆ. ಇಲ್ಲಿ ನಡೆಯುತ್ತಿರುವುದು ಔದಾರ್ಯವೇ ಎಂಬುದು ವಿಚಾರ ಮಾಡಬೇಕಾದ ಪ್ರಶ್ನೆ.

ಶಾಂತಸಾಗರದಲ್ಲಿ ತುವಾಲು ಎಂಬ ದೇಶವಿದೆ. 1978ರಲ್ಲಿ ಬ್ರಿಟಿಷರಿಂದ ಸ್ವತಂತ್ರವಾಯಿತು. ಒಂಬತ್ತು ದ್ವೀಪಗಳ ನೆಲವೆಲ್ಲ ಕೂಡಿದರೆ ಸುಮಾರು 26 ಚದರ ಕಿಲೋಮೀಟರ್. ಜನ ಸುಮಾರು ಹತ್ತು ಸಾವಿರ. ಹವಳದ ದಿಬ್ಬಗಳ ಮೇಲೆ ಮರಳು ಕೂಡಿ ಆದ ನೆಲ ಅದು. ಅಲ್ಲಿ ಬೆಟ್ಟವಿಲ್ಲ, ಹೊಳೆಯಿಲ್ಲ. ಅತ್ಯಂತ ಎತ್ತರದ ತಾಣವೂ ಕಡಲ ಮಟ್ಟದಿಂದ ಐದು ಮೀಟರನ್ನು ಮುಟ್ಟುವುದಿಲ್ಲ. ರಾಜಧಾನಿಯಿರುವ ಫುನಾಫುಟಿಯಲ್ಲಿ ಒಂದು ಕಡೆ ಮಹಾಸಾಗರ, ಇನ್ನೊಂದು ಕಡೆ ಹಿನ್ನೀರಿನಂತಹ ಒಳಗಡಲು. ನಡುವೆ ಒಂದು ಪಟ್ಟಿಯಷ್ಟು ಊರು. ವರ್ಷದ ಆದಿಯ ದೊಡ್ಡ ಉಬ್ಬರಗಳಲ್ಲಿ ನೀರು ದಡವನ್ನು ಹತ್ತಿಯೇ ಬರಬೇಕೆಂದಿಲ್ಲ. ಹವಳದ ನೆಲ ತೂತುತೂತಾದ್ದರಿಂದ ಅಂಗಳದ ನಡುವಿನಿಂದಲೇ ಉಕ್ಕುತ್ತದೆ.

ಅಲ್ಲಿಯ ಜನ ‘ಪುಲಕ’ ಎಂಬ ಗೆಡ್ಡೆಯನ್ನು ಬೆಳೆಯುತ್ತಾರೆ. ನಮ್ಮ ಮಲೆನಾಡಿನವರೂ ಕರಾವಳಿಯವರೂ ಬಲ್ಲ ಕೆಸುವಿನ ದಾಯಾದಿ ಅದು. ಮಳೆಯ ಸಿಹಿನೀರು ನೆಲದೊಳಗೆ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲಿಕೊಂಡಿರುತ್ತದೆ. ಆ ಪದರವನ್ನು ಮುಟ್ಟುವಷ್ಟು ಆಳಕ್ಕೆ ಗುಂಡಿ ತೋಡಿ, ಎಲೆಗೊಬ್ಬರ ಹಾಕಿ, ತಲೆಮಾರುಗಳಿಂದ ಅದನ್ನು ಸಾಕಿಕೊಂಡು ಬಂದಿದ್ದಾರೆ. ಈಗ ಆ ಗುಂಡಿಗಳಿಗೆ ಉಪ್ಪು ನುಗ್ಗುತ್ತಿದೆ. ಇಲ್ಲಿ ಒಂದು ಮಾತನ್ನು ಪ್ರಾಮಾಣಿಕವಾಗಿ ಹೇಳಬೇಕು. 2018ರಲ್ಲಿ ಪ್ರಕಟವಾದ ಅಧ್ಯಯನವೊಂದು, 1971ರಿಂದ 2014ರ ವರೆಗೆ ತುವಾಲುವಿನ ಒಟ್ಟು ನೆಲದ ವಿಸ್ತೀರ್ಣ ಕುಗ್ಗಿಲ್ಲ, ಶೇಕಡ ಮೂರರಷ್ಟು ಹಿಗ್ಗಿದೆ ಎಂದು ತೋರಿಸಿತು. ಅಲೆಗಳು ಒಂದೆಡೆ ಕೊರೆದ ಮರಳನ್ನು ಇನ್ನೊಂದೆಡೆ ಕೂಡಿಹಾಕುವುದು ಇದಕ್ಕೆ ಕಾರಣ. ಇದನ್ನು ಹಿಡಿದುಕೊಂಡು ‘ಮುಳುಗುವ ಮಾತೆಲ್ಲ ಸುಳ್ಳು’ ಎಂದವರೂ ಉಂಟು. ಆದರೆ ನೆಲವಿರುವುದು ಬೇರೆ, ಆ ನೆಲದಲ್ಲಿ ಬಾಳು ಸಾಗುವುದು ಬೇರೆ. ಗೆಡ್ಡೆ ಬೆಳೆಯದ, ಬಾವಿ ಸಿಹಿಯಾಗಿ ಉಳಿಯದ ಮರಳನ್ನು ಅಳೆದು ಸಮಾಧಾನಪಡುವುದು ಅಳೆಯುವವನಿಗೆ ಸುಲಭ, ಅಲ್ಲಿ ಒಲೆ ಹಚ್ಚಬೇಕಾದವಳಿಗೆ ಅಲ್ಲ.

ಈ ದೇಶಕ್ಕೆ 2016ರಲ್ಲಿ ‘ಹಸಿರು ಹವಾಮಾನ ನಿಧಿ’ಯಿಂದ 3 ಕೋಟಿ 60 ಲಕ್ಷ ಅಮೆರಿಕನ್ ಡಾಲರುಗಳ ಅನುದಾನ ಮಂಜೂರಾಯಿತು. ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದ ಆಶ್ರಯದಲ್ಲಿ 2010ರಲ್ಲಿ ಸಂಕಲ್ಪಿತವಾದ ಈ ನಿಧಿಯ ಕಚೇರಿ ದಕ್ಷಿಣ ಕೊರಿಯದಲ್ಲಿದೆ. ತುವಾಲು ತಾನೂ ಒಂದಿಷ್ಟು ಹಣ ಹಾಕಿತು. ಕೆಲಸದ ಹೊಣೆಯನ್ನು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮ ವಹಿಸಿಕೊಂಡಿತು. ಒಳಗಡಲಿನ ತಳದ ಮರಳನ್ನು ಎತ್ತಿ, ಫುನಾಫುಟಿಯ ದಡಕ್ಕೆ ಒತ್ತಿಕೊಂಡಂತೆ ಏಳು ಹೆಕ್ಟೇರಿಗೂ ಮಿಕ್ಕ ಹೊಸ ನೆಲವನ್ನು ನಿರ್ಮಿಸಿದರು. 2100ರ ಆಚೆಗೂ ಅದು ಕಡಲಿಗಿಂತ ಎತ್ತರದಲ್ಲಿಯೇ ಇರಬೇಕೆಂಬ ಲೆಕ್ಕದಿಂದ ಕಟ್ಟಿದ್ದು; 2023ರ ಕೊನೆಯ ಹೊತ್ತಿಗೆ ಮುಗಿಯಿತು. ಇದು ಸಣ್ಣ ಕೆಲಸವಲ್ಲ. ನೆಲವನ್ನು ಕಳೆದುಕೊಳ್ಳುವ ಭಯದಲ್ಲಿದ್ದ ಜನ ಹೊಸ ನೆಲದ ಮೇಲೆ ಕಾಲಿಟ್ಟರು. ಅನುದಾನವೆಂಬುದು ಬರಿಯ ಕಾಗದದ ಮಾತು ಎನ್ನುವವರು ಆ ಮರಳನ್ನು ನೆನೆಯಬೇಕು.

ಆದರೂ ಮನಸ್ಸು ಎರಡು ಕಡೆ ತೊಡಕಿಕೊಳ್ಳುತ್ತದೆ. ಮೊದಲನೆಯದು ಕಾಲ. ಮಂಜೂರಾತಿಯಿಂದ ಆ ನೆಲ ಸಿದ್ಧವಾಗುವ ವರೆಗೆ ಏಳು ವರ್ಷ. ಅದಕ್ಕೂ ಹಿಂದೆ ಅರ್ಜಿ, ಅಂದಾಜು, ತಜ್ಞರ ವರದಿಗಳ ಕಾಲ. ಬೆರಳೆಣಿಕೆಯ ಅಧಿಕಾರಿಗಳಿರುವ ಒಂದು ಪುಟ್ಟ ಸರ್ಕಾರ ಜಗತ್ತಿನ ಅತಿ ದೊಡ್ಡ ನಿಧಿಗಳ ನಮೂನೆಗಳನ್ನು ತುಂಬಬೇಕು. ಎರಡನೆಯದು ವ್ಯಾಪ್ತಿ. ಆ ಯೋಜನೆ ಮುಟ್ಟಿದ್ದು ಫುನಾಫುಟಿ, ನಾನುಮೇಯ, ನಾನುಮಂಗ ಎಂಬ ಮೂರು ದ್ವೀಪಗಳನ್ನು. ‘ತುವಾಲು’ ಎಂಬ ಹೆಸರಿಗೆ ಆ ಜನರ ಭಾಷೆಯಲ್ಲಿ ‘ಎಂಟು ಒಟ್ಟಾಗಿ ನಿಂತವು’ ಎಂದು ಅರ್ಥ; ಹಿಂದಿನಿಂದ ಜನವಸತಿಯಿದ್ದ ದ್ವೀಪಗಳು ಎಂಟು. ಎಂಟು ಒಟ್ಟಾಗಿ ನಿಲ್ಲುವೆವೆಂದು ಹೆಸರಿಟ್ಟುಕೊಂಡ ನಾಡಿಗೆ ಮೂರರ ಮಟ್ಟಿಗೆ ಹಣ ಬಂದರೆ, ಉಳಿದವರಿಗೆ ಯಾವ ಮುಖದಿಂದ ಕಾಯಿರಿ ಎನ್ನಬೇಕು? ಮುಂದಿನ ಹಂತಗಳಿಗೆ ಬೇರೆ ಹಣ ಬರುತ್ತಿದೆ, ನಿಜ. ಆದರೆ ಪ್ರತಿ ಹಂತಕ್ಕೂ ಮತ್ತೆ ಅರ್ಜಿ, ಮತ್ತೆ ಕಾಯುವಿಕೆ.

ಈ ದ್ವೀಪದ ಚರಿತ್ರೆಯಲ್ಲಿಯೇ ನನ್ನ ಪ್ರಶ್ನೆಗೆ ಹತ್ತಿರವಾದ ಒಂದು ಪ್ರಸಂಗ ಸಿಕ್ಕಿತು. ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ವಿರುದ್ಧ ಹೋರಾಡುತ್ತಿದ್ದ ಅಮೆರಿಕದ ಸೇನೆ ಫುನಾಫುಟಿಯಲ್ಲಿ ವಿಮಾನದ ಹಾದಿಯೊಂದನ್ನು ಮಾಡಿತು. ಅದಕ್ಕೆ ಬೇಕಾದ ಹವಳದ ಮಣ್ಣನ್ನು ಅದೇ ದ್ವೀಪವನ್ನು ಅಗೆದು ತೆಗೆದರು. ಹಾಗೆ ಉಳಿದ ಹಳ್ಳಗಳಿಗೆ ಎಂಜಿನಿಯರುಗಳ ಭಾಷೆಯಲ್ಲಿ ‘ಬಾರೋ ಪಿಟ್’ ಎಂದು ಹೆಸರು. ‘ಎರವಲು ತೆಗೆದ ಗುಂಡಿ’ ಎಂದರ್ಥ. ಯುದ್ಧ ಮುಗಿಯಿತು, ಸೇನೆ ಹೋಯಿತು, ಎರವಲು ಮಾತ್ರ ಹಿಂದಿರುಗಲಿಲ್ಲ. ಉಬ್ಬರದೊಡನೆ ಏರಿಳಿಯುವ ಕೊಳೆನೀರು ಮತ್ತು ಕಸ ತುಂಬಿದ ಆ ಹಳ್ಳಗಳ ದಂಡೆಯಲ್ಲಿ ಎರಡು ಮೂರು ತಲೆಮಾರು ಬೆಳೆಯಿತು. ಕೊನೆಗೆ 2015ರಲ್ಲಿ ಅವನ್ನು ಮರಳಿನಿಂದ ಮುಚ್ಚಿದರು. ಹಣ ಕೊಟ್ಟದ್ದು ನ್ಯೂಜಿಲೆಂಡ್. ಅಗೆದವರೊಬ್ಬರು, ತುಂಬಿದವರು ಇನ್ನೊಬ್ಬರು. ತುಂಬಿದ್ದು ನೆರವೆಂದು ದಾಖಲೆಯಾಯಿತು. ಎರವಲು ತಂದ ಪಾತ್ರೆಯನ್ನು ಎಪ್ಪತ್ತು ವರ್ಷದ ಮೇಲೆ ಹಿಂದಿರುಗಿಸಿದರೆ ನಮ್ಮ ಹಳ್ಳಿಯವರು ಅದನ್ನು ಉಡುಗೊರೆ ಎನ್ನುವುದಿಲ್ಲ.

ಆಕಾಶದ ವಿಷಯವೂ ಹೀಗೆಯೇ ಅಲ್ಲವೆ? ಇನ್ನೂರು ವರ್ಷಗಳಿಂದ ಕಲ್ಲಿದ್ದಲನ್ನೂ ಎಣ್ಣೆಯನ್ನೂ ಸುಟ್ಟು ಕೆಲವು ನಾಡುಗಳು ಸಿರಿವಂತವಾದುವು. ಆ ಹೊಗೆಯಲ್ಲಿ ತುವಾಲುವಿನ ಪಾಲು ಲೆಕ್ಕಕ್ಕೆ ಸಿಗದಷ್ಟು ಅಲ್ಪ. ಅವರ ಪಾಲಿನ ಆಕಾಶವನ್ನು ಉಳಿದವರು ಎರವಲು ಪಡೆದರು. ಗುಂಡಿ ಮಾತ್ರ ಅವರ ಅಂಗಳದಲ್ಲಿ ಬಿದ್ದಿತು.

ಹಾಗಾದರೆ ಬಡ ದ್ವೀಪದ ಬದಲು ಸಿರಿವಂತ ರಾಷ್ಟ್ರದೊಳಗಿನ ದ್ವೀಪವೇ ಆದರೆ ಅನುದಾನದ ಕಥೆ ಬೇರೆಯಾಗುತ್ತದೆಯೇ? ಅಮೆರಿಕದ ಲೂಯಿಸಿಯಾನ ರಾಜ್ಯದ ಜೌಗು ಕರಾವಳಿಯಲ್ಲಿ ಐಲ್ ಡಿ ಜೀನ್ ಚಾರ್ಲ್ಸ್ ಎಂಬ ದ್ವೀಪವಿದೆ. ಬಿಳಿಯರ ಒತ್ತಡದಿಂದ ಓಡಿಬಂದ ಮೂಲನಿವಾಸಿಗಳ ವಂಶದವರು ಅಲ್ಲಿ ಮೀನು ಸಿಗಡಿ ಹಿಡಿದು ಬಾಳುತ್ತಿದ್ದರು. 1955ರ ಸುಮಾರಿಗೆ 22,000 ಎಕರೆಯಿದ್ದ ಆ ನೆಲ ಈಗ ಸುಮಾರು 320 ಎಕರೆ. ಕಡಲೇರಿಕೆಯೊಂದೇ ಇದಕ್ಕೆ ಕಾರಣವಲ್ಲ. ಎಣ್ಣೆ ಕಂಪನಿಗಳು ಜೌಗನ್ನು ಸೀಳಿ ಕಾಲುವೆ ತೋಡಿದವು. ಆ ಹಾದಿಯಲ್ಲಿ ಉಪ್ಪುನೀರು ಒಳಗೆ ಬಂದು ಹುಲ್ಲು ಸತ್ತಿತು, ಬೇರಿನ ಹಿಡಿತ ತಪ್ಪಿದ ಮಣ್ಣು ಕರಗಿತು. ಮಿಸಿಸಿಪಿ ನದಿಗೆ ಕಟ್ಟಿದ ಏರಿಗಳು ಹೊಸ ಮೆಕ್ಕಲನ್ನು ತಡೆದವು. ಬಿರುಗಾಳಿಗಳು ಉಳಿದುದನ್ನು ಮುಗಿಸಿದವು. ಚಂಡಮಾರುತವನ್ನು ತಡೆಯಲು ದೊಡ್ಡ ಏರಿಯೊಂದನ್ನು ಯೋಜಿಸಿದಾಗ, ವೆಚ್ಚ ಹೆಚ್ಚಾಗುವುದೆಂದು ಈ ದ್ವೀಪವನ್ನು ಅದರ ಹೊರಗೆ ಬಿಟ್ಟರು.

2016ರಲ್ಲಿ ಅಮೆರಿಕದ ಕೇಂದ್ರ ಸರ್ಕಾರ, ಈ ಜನರನ್ನು ಒಟ್ಟಾಗಿ ಬೇರೆಡೆ ನೆಲೆಗೊಳಿಸಲು 4 ಕೋಟಿ 83 ಲಕ್ಷ ಡಾಲರುಗಳ ಅನುದಾನವನ್ನು ಲೂಯಿಸಿಯಾನ ರಾಜ್ಯಕ್ಕೆ ಕೊಟ್ಟಿತು. ಆ ಹಣ ಬಂದ ಬಗೆಯನ್ನು ಗಮನಿಸಬೇಕು: ವಿಪತ್ತನ್ನು ತಾಳುವ ಶಕ್ತಿಯನ್ನು ಕುರಿತ ಒಂದು ರಾಷ್ಟ್ರೀಯ ‘ಸ್ಪರ್ಧೆ’ಯಲ್ಲಿ. ಮುಳುಗುತ್ತಿರುವವರು ತಮ್ಮ ಮುಳುಗುವಿಕೆಯನ್ನು ಇತರರಿಗಿಂತ ಚೆನ್ನಾಗಿ ಬರೆದು ತೋರಿಸಿ ಗೆಲ್ಲಬೇಕು! ಬರೆಯುವ ಕೆಲಸದಲ್ಲಿ ಆ ಬುಡಕಟ್ಟಿನ ಹಿರಿಯರ ಹಲವು ವರ್ಷಗಳ ಆಲೋಚನೆ ಸೇರಿತ್ತು. ಅವರ ಕನಸು ಬರಿಯ ಮನೆಗಳದಲ್ಲ. ಹಿಂದಿನ ದಶಕಗಳ ಬಿರುಗಾಳಿಗಳಿಗೆ ಹೆದರಿ ಚದುರಿಹೋಗಿದ್ದ ತಮ್ಮ ನೆಂಟರಿಷ್ಟರನ್ನೆಲ್ಲ ಮತ್ತೆ ಒಂದು ಊರಿನಲ್ಲಿ ಕೂಡಿಸುವುದು ಅವರ ಆಸೆ. ಆದರೆ ಹಣ ಬಂದದ್ದು ರಾಜ್ಯದ ಕೈಗೆ. ರಾಜ್ಯದ ಲೆಕ್ಕದಲ್ಲಿ ಮೊದಲ ಹಕ್ಕು ಇದ್ದದ್ದು ಆಗ ದ್ವೀಪದಲ್ಲಿ ವಾಸವಿದ್ದವರಿಗೆ, ಮತ್ತು 2012ರ ಐಸಾಕ್ ಬಿರುಗಾಳಿಯ ಬಳಿಕ ಬಿಟ್ಟುಹೋದವರಿಗೆ. ಅದಕ್ಕೂ ಮುಂಚೆ ಹೋದವರು ಹಿಂದಿನ ಸಾಲಿಗೆ ಬಿದ್ದರು. ‘ಸಮುದಾಯ’ವೆಂದರೆ ಯಾರು ಎಂಬಲ್ಲಿ ಕೊಡುವವರಿಗೂ ಪಡೆಯುವವರಿಗೂ ಭೇದ ಬಂದಿತು, ಬುಡಕಟ್ಟಿನ ನಾಯಕರು ತಮ್ಮ ಬೆಂಬಲವನ್ನು ಹಿಂತೆಗೆದುಕೊಂಡರು. ಈ ನಡುವೆ 2021ರಲ್ಲಿ ಐಡಾ ಎಂಬ ಚಂಡಮಾರುತ ದ್ವೀಪದ ಮನೆಗಳನ್ನು ನುಚ್ಚುನೂರು ಮಾಡಿತು. 2022ರ ಆಗಸ್ಟಿನಲ್ಲಿ, ಸುಮಾರು 40 ಮೈಲಿ ಉತ್ತರಕ್ಕೆ ಕಟ್ಟಿದ ಹೊಸ ಬಡಾವಣೆಗೆ ಮೊದಲ ಕುಟುಂಬಗಳು ಹೋದವು. ಮನೆ ಗಟ್ಟಿಯಾಗಿದೆ, ನೆಲ ಎತ್ತರದಲ್ಲಿದೆ; ಅದು ಸುಳ್ಳಲ್ಲ. ಆದರೂ 2023ರ ಡಿಸೆಂಬರಿನಲ್ಲಿ ಬುಡಕಟ್ಟಿನವರು ಕೇಂದ್ರ ಇಲಾಖೆಗೆ ದೂರು ಸಲ್ಲಿಸಿದರು. ಅನುದಾನ ಮನೆಗಳನ್ನು ಎಣಿಸಿತು. ಅವರು ಎಣಿಸಿದ್ದು ಕುಲವನ್ನು. ನಮ್ಮ ಶಾಸನಗಳಲ್ಲಿ ದಾನ ಪಡೆದವನ ಊರು, ವಂಶ, ಗೋತ್ರಗಳ ವಿವರ ಬರುವುದನ್ನು ಓದಿ ಬೇಸರಪಡುವ ವಿದ್ಯಾರ್ಥಿಗಳಿಗೆ ನಾನು ಇನ್ನು ಮೇಲೆ ಈ ದ್ವೀಪದ ಕಥೆಯನ್ನು ಹೇಳಬೇಕೆಂದಿದ್ದೇನೆ. ಯಾರಿಗೆ ಎಂಬುದು ತಪ್ಪಿದರೆ ಎಷ್ಟು ಎಂಬುದು ಸರಿಯಿದ್ದೂ ಪ್ರಯೋಜನವಿಲ್ಲ.

ಮೂರನೆಯ ಸಂಗತಿ ಚಿಕ್ಕದು, ಆದರೆ ಹೆಚ್ಚು ಕಹಿ. ಅಲಾಸ್ಕದಲ್ಲಿ ಬೇರಿಂಗ್ ಸಮುದ್ರದ ಸಮೀಪ ಕಿಪ್ನಕ್ ಎಂಬ ಯೂಪಿಕ್ ಜನರ ಹಳ್ಳಿಯಿದೆ. ಅದು ದ್ವೀಪವಲ್ಲ, ಆದರೆ ಅಲೆಗೂ ಕೊರೆತಕ್ಕೂ ದ್ವೀಪದಷ್ಟೇ ಒಡ್ಡಿಕೊಂಡದ್ದು. ಕುಸಿಯುತ್ತಿದ್ದ ಅದರ ನದೀತೀರವನ್ನು ಭದ್ರಪಡಿಸಲು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2 ಕೋಟಿ ಡಾಲರುಗಳ ಅನುದಾನವನ್ನು ಕೊಟ್ಟಿತ್ತು. ವಾಷಿಂಗ್ಟನ್ನಿನಲ್ಲಿ ಸರ್ಕಾರ ಬದಲಾಯಿತು. 2025ರ ಮೇ ತಿಂಗಳಲ್ಲಿ ಆ ಅನುದಾನ ರದ್ದಾಯಿತು. ಅದೇ ಅಕ್ಟೋಬರಿನಲ್ಲಿ ಹಲಾಂಗ್ ಎಂಬ ಚಂಡಮಾರುತದ ಶೇಷ ಬಂದು ಹಳ್ಳಿಯ ಮನೆಗಳನ್ನು ಅಡಿಪಾಯದಿಂದ ಕಿತ್ತು ತೇಲಿಸಿತು. ಜನರನ್ನು ವಿಮಾನಗಳಲ್ಲಿ ದೂರಕ್ಕೆ ಸಾಗಿಸಬೇಕಾಯಿತು. ಅನುದಾನವಿದ್ದಿದ್ದರೂ ಐದು ತಿಂಗಳಲ್ಲಿ ಕೆಲಸ ಮುಗಿದಿರುತ್ತಿರಲಿಲ್ಲ. ಆದ್ದರಿಂದ ಈ ನಾಶಕ್ಕೆ ಆ ರದ್ದತಿಯೇ ಕಾರಣವೆಂದು ಹೇಳುವುದು ನ್ಯಾಯವಲ್ಲ. ಆದರೆ ಕೊಟ್ಟ ಮಾತನ್ನು ಹಿಂತೆಗೆದುಕೊಳ್ಳುವುದು ಎಷ್ಟು ಸುಲಭವೆಂಬುದು ಇದರಿಂದ ತಿಳಿಯಿತು.

ತರಗತಿಯಲ್ಲಿ ನಾನು ಕೊಟ್ಟ ಉತ್ತರ ತಪ್ಪಿದ್ದು ಇಲ್ಲಿಯೇ. ಶಾಸನ ಹಾಕಿಸಿದವರಿಗೆ ಮನುಷ್ಯಸ್ವಭಾವ ಚೆನ್ನಾಗಿ ಗೊತ್ತಿತ್ತು. ಇಂದು ಕೊಟ್ಟುದನ್ನು ನಾಳೆ ಬರುವವನು ಕಿತ್ತುಕೊಳ್ಳುವನೆಂಬ ಶಂಕೆಯಿಂದಲೇ ಅವರು ಕಲ್ಲನ್ನು ಆರಿಸಿದರು, ಸೂರ್ಯಚಂದ್ರರನ್ನು ಸಾಕ್ಷಿಗೆ ಕರೆದರು, ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪವನ್ನು ಇಟ್ಟರು. ತಾನು ಕೊಡುವುದಕ್ಕಿಂತ ಇನ್ನೊಬ್ಬರು ಕೊಟ್ಟುದನ್ನು ಕಾಪಾಡುವುದು ಹೆಚ್ಚಿನ ಪುಣ್ಯವೆಂದು ಮುಂದಿನ ಅರಸರಿಗೆ ಬುದ್ಧಿ ಹೇಳಿದರು. ಆ ಕಾಲದ ದಾನಗಳೆಲ್ಲ ನಿಷ್ಕಳಂಕವಾಗಿದ್ದುವೆಂದಲ್ಲ. ಯಾರಿಗೆ ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂದು ಕೇಳಿದರೆ ಅಲ್ಲಿಯೂ ಅನ್ಯಾಯ ಕಾಣುತ್ತದೆ. ಆದರೆ ಕೊಟ್ಟವನ ಅಧಿಕಾರ ಕೊಟ್ಟ ಕ್ಷಣಕ್ಕೆ ಮುಗಿಯಬೇಕೆಂಬ ತತ್ತ್ವ ಅವರಿಗಿತ್ತು. ಧಾರೆಯ ನೀರು ಬಿದ್ದ ಮೇಲೆ ಅದು ಪಡೆದವನದು. ಇಂದಿನ ಅನುದಾನದಲ್ಲಿ ನೀರು ಬೀಳುವುದೇ ಇಲ್ಲ; ಕೊಡುವವನು ಗಿಂಡಿಯನ್ನು ಬಗ್ಗಿಸಿ ಹಿಡಿದುಕೊಂಡೇ ಇರುತ್ತಾನೆ.

ಇದಕ್ಕೆ ಒಂದು ಆಕ್ಷೇಪಣೆಯುಂಟು, ಅದು ಹಗುರವಾದದ್ದಲ್ಲ. ಸಾರ್ವಜನಿಕ ಹಣಕ್ಕೆ ಲೆಕ್ಕ ಬೇಡವೆ? ಬೇಕು. ಲೆಕ್ಕವಿಲ್ಲದ ಹಣ ಎಲ್ಲಿ ಹೋಗುತ್ತದೆಂಬುದನ್ನು ನಮ್ಮ ದೇಶದವರಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಲೆಕ್ಕ ಕೇಳುವುದು ಬೇರೆ, ಒಡೆತನ ಹಿಡಿದಿಟ್ಟುಕೊಳ್ಳುವುದು ಬೇರೆ. ಇನ್ನೊಂದು ಮಾತು: ಅನುದಾನವಾದರೂ ಎಷ್ಟು? 2009ರಲ್ಲಿ ಸಿರಿವಂತ ರಾಷ್ಟ್ರಗಳು 2020ರ ಹೊತ್ತಿಗೆ ವರ್ಷಕ್ಕೆ 10,000 ಕೋಟಿ ಡಾಲರು ಕೂಡಿಸಿಕೊಡುವೆವೆಂದು ಮಾತು ಕೊಟ್ಟವು. ಅದು ಈಡೇರಿದ್ದು 2022ರಲ್ಲಿ. ಆ ಸಾರ್ವಜನಿಕ ಹಣದಲ್ಲಿಯೂ ಮೂರರಲ್ಲಿ ಎರಡು ಪಾಲು ಸಾಲ. ನಮ್ಮ ಉಳ್ಳಾಲದ ಕಡಲ್ಕೊರೆತವನ್ನು ತಡೆಯುವ ದೊಡ್ಡ ಕಾಮಗಾರಿಯೂ ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಸಾಲದಿಂದಲೇ ನಡೆದದ್ದು. ಭಾರತದಂಥ ದೊಡ್ಡ ದೇಶ ಸಾಲವನ್ನು ಹೊತ್ತೀತು. ಹತ್ತು ಸಾವಿರ ಜನರ ದ್ವೀಪ ತನ್ನದಲ್ಲದ ತಪ್ಪಿಗೆ ತಾನೇ ಬಡ್ಡಿ ತೆರಬೇಕೆಂದರೆ ಅದಕ್ಕೆ ಯಾವ ನ್ಯಾಯಶಾಸ್ತ್ರದ ಆಧಾರವಿದೆ?

ಲೆಕ್ಕವೂ ಇದ್ದು ಒಡೆತನವೂ ಉಳಿಯುವ ದಾರಿ ಇಲ್ಲದಿಲ್ಲ, ತುವಾಲುವಿನಲ್ಲಿಯೇ ಇದೆ. 1987ರಲ್ಲಿ ಆಸ್ಟ್ರೇಲಿಯ, ನ್ಯೂಜಿಲೆಂಡ್, ಬ್ರಿಟನ್ ಮೊದಲಾದವು ಸುಮಾರು 2 ಕೋಟಿ 70 ಲಕ್ಷ ಆಸ್ಟ್ರೇಲಿಯನ್ ಡಾಲರುಗಳ ಮೂಲಧನದಿಂದ ಆ ದೇಶಕ್ಕಾಗಿ ಒಂದು ದತ್ತಿನಿಧಿಯನ್ನು ಸ್ಥಾಪಿಸಿದವು. ತುವಾಲು ತಾನೂ ಸೇರಿಸಿತು. ಮಂಡಳಿಯಲ್ಲಿ ಕೊಟ್ಟವರೂ ಕೂಡುತ್ತಾರೆ, ಲೆಕ್ಕಪರಿಶೋಧನೆ ನಡೆಯುತ್ತದೆ. ಆದರೆ ಮೂಲಧನವನ್ನು ಕರಗಿಸದೆ ಬಂದ ವರಮಾನವನ್ನು ಯಾವುದಕ್ಕೆ ವ್ಯಯಿಸಬೇಕೆಂಬುದು ತುವಾಲು ಸರ್ಕಾರದ ಆಯವ್ಯಯಕ್ಕೆ ಬಿಟ್ಟದ್ದು. ಆ ನಿಧಿ ಇಂದು ಹಲವು ಪಟ್ಟು ಬೆಳೆದಿದೆ. ದೇವಾಲಯಕ್ಕೆ ಹೊನ್ನನ್ನು ಇಟ್ಟು, ಅದರ ಬಡ್ಡಿಯಿಂದ ನಂದಾದೀವಿಗೆ ಉರಿಯಲೆಂದು ಬರೆಸಿದ ಶಾಸನಗಳನ್ನು ಓದಿದವರಿಗೆ ಈ ಉಪಾಯ ಹೊಸದೆನಿಸದು. ದ್ವೀಪಗಳ ರಕ್ಷಣೆಗೂ ಹಣ ಹೀಗೆ ಬಂದರೆ ಏಕಾಗದು? ಕಡಲು ಏರುವುದು ವರ್ಷ ವರ್ಷವೂ. ಹಣ ಮಾತ್ರ ಯೋಜನೆಯಿಂದ ಯೋಜನೆಗೆ ಬೇಡಿ ತರಬೇಕೆ?

ಈ ಪ್ರಶ್ನೆಗೆ ಕಾನೂನಿನ ಬೆಂಬಲವೂ ಒದಗಿಬಂದಿದೆ. ಅದನ್ನು ತಂದವರು ವಿದ್ಯಾರ್ಥಿಗಳು. 2019ರಲ್ಲಿ ವನುವಾಟು ದ್ವೀಪರಾಷ್ಟ್ರದಲ್ಲಿ ಕಾನೂನು ಓದುತ್ತಿದ್ದ ಕೆಲವು ತರುಣ ತರುಣಿಯರು, ಹವಾಮಾನದ ಪ್ರಶ್ನೆಯನ್ನು ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದೆ ಇಡಬೇಕೆಂದು ಹೊರಟರು. ವನುವಾಟು ಸರ್ಕಾರ ಅವರ ಮಾತನ್ನು ಕೈಗೆತ್ತಿಕೊಂಡಿತು. 2023ರಲ್ಲಿ ವಿಶ್ವಸಂಸ್ಥೆಯ ಮಹಾಸಭೆ ನ್ಯಾಯಾಲಯದ ಅಭಿಪ್ರಾಯವನ್ನು ಕೇಳಿತು. 2025ರ ಜುಲೈ 23ರಂದು ಹೇಗ್ ನಗರದಲ್ಲಿ ನ್ಯಾಯಾಧೀಶರು ಸರ್ವಾನುಮತದಿಂದ ಅಭಿಪ್ರಾಯ ಕೊಟ್ಟರು: ಹವಾಮಾನವನ್ನು ಹಾನಿಯಿಂದ ಕಾಪಾಡುವುದು ರಾಷ್ಟ್ರಗಳ ಕಾನೂನುಬದ್ಧ ಕರ್ತವ್ಯ, ಅದನ್ನು ಮೀರಿದರೆ ಅದು ಅಂತರರಾಷ್ಟ್ರೀಯ ಕಾನೂನಿಗೆ ವಿರುದ್ಧವಾದ ಕೃತ್ಯ, ಕಾರ್ಯಕಾರಣ ಸಂಬಂಧ ಸಿದ್ಧವಾದಲ್ಲಿ ಹಾನಿಗೊಳಗಾದವರಿಗೆ ಪರಿಹಾರ ಸಲ್ಲಬೇಕಾಗಬಹುದು. ಇದು ಸಲಹೆಯ ರೂಪದ ಅಭಿಪ್ರಾಯ, ಕಟ್ಟುಪಾಡಿನ ತೀರ್ಪಲ್ಲ. ನಾಳೆಯೇ ಯಾರೂ ಚೀಲ ಬಿಚ್ಚುವುದಿಲ್ಲ. ಆದರೆ ಮಾತಿನ ನೆಲೆ ಬದಲಾಯಿತು. ‘ಪರಿಹಾರ’ ಎಂಬ ಪದ ನಮ್ಮ ಶಾಸನಗಳಲ್ಲಿ ತೆರಿಗೆ ತೊಡಕುಗಳಿಂದ ಬಿಡುಗಡೆ ಎಂಬರ್ಥದಲ್ಲಿ ಬರುತ್ತದೆ. ಇಂದು ನಷ್ಟವನ್ನು ತುಂಬಿಕೊಡುವುದೆಂದು ಅರ್ಥ. ದ್ವೀಪದವರು ಕೇಳುತ್ತಿರುವುದರಲ್ಲಿ ಎರಡೂ ಇವೆ.

ದಾನವನ್ನು ಕೊಟ್ಟರೆ ಪುಣ್ಯ, ಕೊಡದಿದ್ದರೆ ಪಾಪವಿಲ್ಲ. ಋಣ ಹಾಗಲ್ಲ, ತೀರಿಸಿದರೆ ಹೊಗಳಿಕೆಯಿಲ್ಲ, ತೀರಿಸದಿದ್ದರೆ ಬಿಡುಗಡೆಯಿಲ್ಲ. ಈ ಹಣವನ್ನು ದಾನವೆಂದು ಕರೆಯುವ ವರೆಗೆ ಕೊಡುವವರು ಸ್ಪರ್ಧೆ ಏರ್ಪಡಿಸಬಹುದು, ಷರತ್ತು ಹಾಕಬಹುದು, ಮನಸ್ಸು ಬದಲಾದರೆ ಹಿಂತೆಗೆದುಕೊಳ್ಳಬಹುದು. ಋಣವೆಂದು ಒಪ್ಪಿದ ದಿನ ಇವೊಂದೂ ಸಲ್ಲುವುದಿಲ್ಲ. ಹೆಸರಿನಲ್ಲೇನಿದೆ ಎನ್ನುವವರುಂಟು. ಭಾಷೆಯನ್ನು ಪಾಠ ಹೇಳಿ ಜೀವಿಸುವ ನಾನು ಹಾಗೆ ಹೇಳಲಾರೆ.

ತುವಾಲು ಮತ್ತು ಆಸ್ಟ್ರೇಲಿಯ 2023ರಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ವರ್ಷಕ್ಕೆ 280 ಮಂದಿ ತುವಾಲುವಿನವರು ಆಸ್ಟ್ರೇಲಿಯದಲ್ಲಿ ನೆಲಸಬಹುದು. ಪ್ರತಿಯಾಗಿ, ತುವಾಲು ಬೇರೆ ದೇಶದೊಡನೆ ರಕ್ಷಣೆಯ ಒಪ್ಪಂದ ಮಾಡಿಕೊಳ್ಳುವಾಗ ಆಸ್ಟ್ರೇಲಿಯದ ಸಮ್ಮತಿ ಬೇಕು. 2025ರಲ್ಲಿ ಮೊದಲ ಸಲ ಚೀಟಿಯೆತ್ತುವುದಕ್ಕೆ ಹೆಸರು ಕೇಳಿದಾಗ, ಮನೆಮಂದಿಯೂ ಸೇರಿ ಎಂಟು ಸಾವಿರಕ್ಕೂ ಹೆಚ್ಚು ಜನರ ಹೆಸರು ಬಂದಿತು. ಆ ಒಪ್ಪಂದಕ್ಕೆ ಇಟ್ಟ ಹೆಸರು ‘ಫಲೆಪಿಲಿ’. ಅಕ್ಕಪಕ್ಕದ ಮನೆಯವರು ಪ್ರತಿಫಲವೆಣಿಸದೆ ಒಬ್ಬರನ್ನೊಬ್ಬರು ನೋಡಿಕೊಳ್ಳುವ ನೆರೆಹೊರೆತನಕ್ಕೆ ತುವಾಲು ಭಾಷೆಯಲ್ಲಿ ಹಾಗೆನ್ನುತ್ತಾರೆ. ಹತ್ತು ಸಾವಿರ ಜನರ ಭಾಷೆಯೊಂದು ದೊಡ್ಡ ರಾಷ್ಟ್ರದ ಕಾನೂನಿಗೆ ಕೊಟ್ಟ ಪದ ಅದು. ಅವರು ಕೊಟ್ಟ ಅನುದಾನ ಅದೆಂದರೂ ಸಲ್ಲುತ್ತದೆ. ಆ ಪದಕ್ಕೆ ತಕ್ಕಂತೆ ನಡೆಯುವ ಹೊಣೆ ಪಡೆದವರ ಮೇಲಿದೆ.

ಮುಂದಿನ ವಾರ ಅದೇ ಶಾಸನದ ಪಾಠ ಮುಂದುವರಿಯುತ್ತದೆ. ಮೊದಲು ಆ ವಿದ್ಯಾರ್ಥಿನಿಗೆ, ಅಂದು ಕೊಟ್ಟ ಉತ್ತರ ತಪ್ಪೆಂದು ಹೇಳಬೇಕಾಗಿದೆ.